ಉಪ್ಪಿನ ಮರಿಗೆ ಹಿಡಿದವನು

‘ಹೊಂದಿಕೊಂಡು ಹೋಗಬೇಕು’ ಎಂದು ಯಾರಾದರೂ ಬುದ್ಧಿ ಹೇಳಲು ಶುರು ಮಾಡಿದರೆ ನನಗೆ ಮೈ ಉರಿಯುತ್ತದೆ. ಹಾಗೆ ಹೇಳುವವರು ಯಾವಾಗಲೂ ಯಾರ ಜೊತೆಗೂ ಹೊಂದಿಕೊಳ್ಳದೆ ಆರಾಮವಾಗಿ ಇರುವ ಜನ. ನಮ್ಮ ಮಂಜಯ್ಯನಿಗೆ ಈ ಮಾತು ಹೇಳದವರು ಕಳಸದಲ್ಲಿ ಒಬ್ಬರೂ ಉಳಿದಿರಲಿಲ್ಲ. ಅವನು ಎಲ್ಲರಿಗೂ ‘ಹೌದು ಹೌದು’ ಎಂದು ತಲೆಯಾಡಿಸಿದ. ತಲೆಯಾಡಿಸಿದ್ದಷ್ಟೇ ಅಲ್ಲ, ಹಾಗೇ ನಡೆದುಕೊಂಡ. ಆಮೇಲೆ ಏನಾಯಿತು ಎಂದು ಬುದ್ಧಿ ಹೇಳಿದವರು ಯಾರೂ ಕೇಳಲಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ನನ್ನದು ಕಳಸದ ಬಸ್ ಸ್ಟ್ಯಾಂಡಿನ ಹತ್ತಿರ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಪಾತ್ರೆ ಸುಬ್ಬಣ್ಣ ಎಂದರೆ ಸುತ್ತಿನವರಿಗೆಲ್ಲ ಗೊತ್ತು. ಮದುವೆ, ಉಪನಯನ, ಶ್ರಾದ್ಧ, ಗೃಹಪ್ರವೇಶ ಯಾವುದಿದ್ದರೂ ಕೊಪ್ಪರಿಗೆ, ಹಂಡೆ, ಕಡಾಯಿಗಳನ್ನು ಜೀಪಿಗೆ ಹೇರಿಕೊಂಡು ನಾನೇ ಹೋಗುತ್ತೇನೆ. ಮುಗಿಯುವ ತನಕ ಅಲ್ಲೇ ಕೂರುತ್ತೇನೆ, ಯಾಕೆಂದರೆ ಮದುವೆ ಮನೆಯಲ್ಲಿ ಸೌಟುಗಳಿಗೆ ಕಾಲು ಬರುತ್ತದೆ. ನನಗೆ ಮಡಿ ಇಲ್ಲದ್ದರಿಂದ ಅಡಿಗೆಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಹೊಸ್ತಿಲಿನ ಹೊರಗೆ ಒಂದು ಮಣೆ ಹಾಕಿಕೊಂಡು ಕೂತರೆ ಒಳಗಿನದೆಲ್ಲ ಕಾಣುತ್ತದೆ. ಅಡಿಗೆಯವರು ನನ್ನನ್ನೂ ಒಂದು ಹಂಡೆ ಎಂದೇ ತಿಳಿದು ತಮ್ಮ ಪಾಡಿಗೆ ಮಾತಾಡಿಕೊಳ್ಳುತ್ತಾರೆ.

ಆ ಕಾಲದಲ್ಲಿ, ಅಂದರೆ ತೊಂಬತ್ತರ ದಶಕದಲ್ಲಿ, ನಮ್ಮ ಕಡೆ ದೊಡ್ಡ ಅಡಿಗೆ ಎಂದರೆ ಅನಂತ ಹೊಳ್ಳರದ್ದು. ಕಳಸದಿಂದ ಮೂಡಿಗೆರೆ ತನಕ ಕಾಫಿ ತೋಟದ ಬ್ರಾಹ್ಮಣರ ಮನೆಗಳಲ್ಲಿ ಹೊಳ್ಳರ ತಾರೀಕು ಸಿಕ್ಕಿದ ಮೇಲೇ ಮುಹೂರ್ತ ಇಡುತ್ತಿದ್ದರು ಎಂದರೆ ಅದರಲ್ಲಿ ಉತ್ಪ್ರೇಕ್ಷೆ ಸ್ವಲ್ಪವೇ. ದಪ್ಪ ದೇಹ, ಕೆಂಪು ಪಾಣಿಪಂಚೆ, ಬಾಯಿ ತೆರೆದರೆ ಬೈಗುಳ. ಆದರೆ ಅವರ ಹುಳಿ ಊಟ ಮಾಡಿದವನು ಕೈ ತೊಳೆಯಲು ಏಳುವುದಕ್ಕೇ ಬೇಜಾರು ಮಾಡಿಕೊಳ್ಳುತ್ತಿದ್ದ.

ಮಡಿಯ ಅಡಿಗೆಯ ಒಂದು ಕಟ್ಟುಪಾಡು ಹೇಳಬೇಕು. ದೇವರಿಗೆ ನೈವೇದ್ಯ ಆಗುವ ತನಕ ಯಾರೂ ರುಚಿ ನೋಡುವಂತಿಲ್ಲ. ಊರಿಗೆ ಊರೇ ಉಣ್ಣುವಷ್ಟು ಹುಳಿ ಕುದಿಯುತ್ತಿದ್ದರೂ ಒಂದು ಹನಿ ನಾಲಿಗೆಗೆ ತಾಗಿಸಿದರೆ ಅದು ಎಂಜಲು, ಅಷ್ಟನ್ನೂ ಚೆಲ್ಲಬೇಕು. ಹಾಗಾಗಿ ಬಣ್ಣ ನೋಡಿ, ವಾಸನೆ ನೋಡಿ, ಕುದಿಯುವ ಸದ್ದು ಕೇಳಿ ಅಡಿಗೆ ಮಾಡಬೇಕು. ಬೇರೆಯದೆಲ್ಲ ಹೇಗೋ ತಿಳಿಯುತ್ತದೆ, ಉಪ್ಪು ಮಾತ್ರ ತಿಳಿಯುವುದಿಲ್ಲ. ಅದಕ್ಕೇ ಹೊಳ್ಳರ ತಂಡದಲ್ಲಿ ಉಪ್ಪಿಗೆ ಒಂದೇ ಕೈ. ತರಕಾರಿ ಯಾರಾದರೂ ಹೆಚ್ಚಬಹುದು, ಮಸಾಲೆ ಯಾರಾದರೂ ರುಬ್ಬಬಹುದು, ಉಪ್ಪು ಹಾಕುವವರು ಹೊಳ್ಳರೊಬ್ಬರೇ. ಉಪ್ಪು ಹಾಕುವವನೇ ಅಡಿಗೆಯವನು, ಉಳಿದವರೆಲ್ಲ ಕೈಯಾಳುಗಳು. ಮನೆಯವರು ವೀಳ್ಯ ಕೊಟ್ಟು ಕರೆಯುವುದೂ, ಕೊನೆಗೆ ಶಾಲು ಹೊದಿಸುವುದೂ ಆ ಒಂದು ಕೈಗೆ.

ಆ ಉಪ್ಪಿನ ಮರಿಗೆಯನ್ನು ಹಿಡಿದು ಹೊಳ್ಳರ ಬಲಗಡೆ ನಿಲ್ಲುವವನು ಮಂಜಯ್ಯ. ಹಲಸಿನ ಮರದಲ್ಲಿ ಕೊರೆದ ದೊಡ್ಡ ಬೋಗುಣಿಯಂಥ ಮರಿಗೆ, ತುಂಬ ಹರಳುಪ್ಪು. ಹೊಳ್ಳರು ತಿರುಗಿ ನೋಡದೆ ಕೈ ಚಾಚಿದರೆ ಮರಿಗೆ ಅಲ್ಲಿರಬೇಕು. ಇಲ್ಲದಿದ್ದರೆ ಸೌಟು ಹಾರಿಬರುತ್ತಿತ್ತು. ಒಂದು ಸಲ ಬಿಸಿ ಸೌಟೇ ಬಂದು ಮಂಜಯ್ಯನ ಮೊಣಕೈ ಹತ್ತಿರ ಕೂತ ಕಲೆ ಕೊನೆಯ ತನಕ ಹಾಗೇ ಇತ್ತು. ನಿಂತಲ್ಲೇ ನಿಲ್ಲುವವನು ಎಂದು ಹೊಳ್ಳರು ಅವನನ್ನು ‘ಕಂಬ’ ಎಂದು ಕರೆಯುತ್ತಿದ್ದರು. “ಏ ಕಂಬ, ಉಪ್ಪು ತಾ” ಎಂದು ಅವರು ಕೂಗುವುದನ್ನು ಕೇಳಿದ ಮದುವೆ ಮನೆಯ ಮಕ್ಕಳೂ ಅವನನ್ನು ಹಾಗೇ ಕರೆದು ಓಡುತ್ತಿದ್ದವು.

ಹೊರನಾಡಿನ ದಾರಿಯಲ್ಲಿ ಒಂದು ಸಣ್ಣ ಹಳ್ಳಿಯವನು ಅವನು. ಮೀಸೆ ಮೂಡುವ ಮೊದಲೇ ಹೊಳ್ಳರ ಕೈಕೆಳಗೆ ಸೇರಿದ್ದ. ತೆಳ್ಳಗೆ ಉದ್ದಕ್ಕೆ, ಮಾತು ಕಡಿಮೆ. ಹೋಳಿಗೆ ತಟ್ಟಲು ಕೂತರೆ ಒಂದರ ಮೇಲೊಂದು ಇಟ್ಟು ಅಳತೆ ನೋಡಬಹುದಿತ್ತು, ಅಷ್ಟು ಸಮ. ಅವನ ಮದುವೆಯ ದಿನ, ಹೆಂಡತಿ ಸಾವಿತ್ರಮ್ಮ ಪಕ್ಕದಲ್ಲಿ ನಿಂತು ನಮಸ್ಕಾರ ಮಾಡುವಾಗ, ಹೊಳ್ಳರಿಗೆ ಅದೇನು ಮನಸ್ಸು ಬಂತೋ, “ನನ್ನ ಕೈ ನಿಂತ ದಿನ ಉಪ್ಪು ನಿಂದೇ ಮಾರಾಯ” ಎಂದುಬಿಟ್ಟರು. ಆ ಒಂದು ಮಾತಿನ ಮೇಲೆ ಮಂಜಯ್ಯ ಬದುಕನ್ನೇ ಕಟ್ಟಿಕೊಂಡ. ಸೌಟಿನ ಏಟು ಬಿದ್ದಾಗ, ಕಂಬ ಎಂದು ಕರೆದಾಗ, ಎಲ್ಲರ ಊಟ ಮುಗಿದ ಮೇಲೆ ತಳ ಕೆರೆದು ಉಣ್ಣುವಾಗ, ಅವನ ಮುಖದಲ್ಲಿ ಒಂದು ಸಮಾಧಾನ ಇರುತ್ತಿತ್ತು. ಒಂದಲ್ಲ ಒಂದು ದಿನ ಉಪ್ಪು ತನ್ನ ಕೈಗೆ ಬರುತ್ತದೆ ಎನ್ನುವ ಸಮಾಧಾನ. ಅದನ್ನು ನೋಡಿ ನನಗೆ ಒಮ್ಮೊಮ್ಮೆ ಹೊಟ್ಟೆಕಿಚ್ಚೂ ಆಗಿದೆ.

ತೊಂಬತ್ತೈದರ ಸುಮಾರಿಗೆ ಹೊಳ್ಳರಿಗೆ ಮರೆವು ಶುರುವಾಯಿತು. ಸಂಸೆಯ ಒಂದು ಮನೆಯಲ್ಲಿ ಸಾರಿಗೆ ಉಪ್ಪು ಹಾಕಿ, ಪಾಯಸದ ಕಡೆ ಒಮ್ಮೆ ತಿರುಗಿ, ಮತ್ತೆ ಸಾರಿನ ಮುಂದೆ ಬಂದು ಕೈ ಚಾಚಿದರು.

“ಹಾಕಿ ಆಯ್ತು, ಹೊಳ್ಳರೇ” ಎಂದ ಮಂಜಯ್ಯ, ಮೆಲ್ಲಗೆ.

ಹೊಳ್ಳರು ಅವನ ಕೆನ್ನೆಗೆ ಬಾರಿಸಿದ ಸದ್ದು ಹೊರಗೆ ಕೂತ ನನಗೂ ಕೇಳಿಸಿತು. “ನಂಗೆ ಹೇಳ್ಕೊಡ್ತೀಯನಾ? ನೀನು ಹುಟ್ಟೋದಕ್ಕೆ ಮೊದ್ಲು ನಾನು ಉಪ್ಪು ಹಾಕಿದವ!”

ಆಮೇಲೆ ಮಂಜಯ್ಯ ಹೇಳುವುದನ್ನು ಬಿಟ್ಟ. ಹೊಳ್ಳರು ಎರಡನೇ ಸಲ ಕೈ ಚಾಚಿದರೆ, “ಹರಳು ದೊಡ್ಡದುಂಟು, ಕುಟ್ಟಿ ತರ್ತೇನೆ” ಎಂದು ಮರಿಗೆ ಎತ್ತಿಕೊಂಡು ಹಿಂದಿನ ಬಾಗಿಲಿಗೆ ಹೋಗಿಬಿಡುತ್ತಿದ್ದ. ತಿರುಗಿ ಬರುವಷ್ಟರಲ್ಲಿ ಹೊಳ್ಳರು ಇನ್ಯಾರನ್ನೋ ಬೈಯುವುದರಲ್ಲಿ ಮುಳುಗಿರುತ್ತಿದ್ದರು. ಹೀಗೆ ವರ್ಷಗಟ್ಟಲೆ ಒಬ್ಬ ಮುದುಕನ ಹೆಸರನ್ನು ಇವನು ಉಳಿಸಿಕೊಂಡು ಬಂದ. ಹೊಳ್ಳರಿಗೆ ಅದು ಗೊತ್ತಾಗುತ್ತಿರಲಿಲ್ಲ ಎಂದು ಆಗ ನಾನೂ ನಂಬಿದ್ದೆ.

ಅಷ್ಟರಲ್ಲಿ ವೆಂಕಟೇಶ ಬಂದ. ಹೊಳ್ಳರ ತಂಗಿಯ ಮಗ. ಚಿಕ್ಕಮಗಳೂರಿನ ಯಾವುದೋ ಹೋಟೆಲಿನಲ್ಲಿದ್ದು, ಅಲ್ಲಿ ಯಜಮಾನನ ಜೊತೆ ಜಗಳ ಮಾಡಿಕೊಂಡು ಬಂದವನು. ನೋಡಲು ಚೆಂದ, ಒಳ್ಳೆಯ ಕಂಠ, ಮಾತಿಗೆ ಕೂತರೆ ನಗಿಸಿ ನಗಿಸಿ ಹೊಟ್ಟೆ ನೋಯಿಸುತ್ತಿದ್ದ. ಕೆಲಸವೂ ಬರುತ್ತಿತ್ತು, ಸುಳ್ಳು ಹೇಳಬಾರದು. ಒಂದು ಸೀಸನ್ ಮುಗಿಯುವುದರೊಳಗೆ ತಂಡದ ಹುಡುಗರೆಲ್ಲ ಅವನ ಹಿಂದೆ. ಉಪ್ಪಿನ ಮಾತು ಮಂಜಯ್ಯನಿಗೆ ಕೊಟ್ಟದ್ದೆಂದು ಅವನಿಗೆ ಯಾರೋ ಹೇಳಿರಬೇಕು. ಅವತ್ತಿನಿಂದ ಶುರುವಾಯಿತು ನೋಡಿ.

ಹೊಡೆಯಲಿಲ್ಲ, ಬೈಯಲಿಲ್ಲ. ಅವನು ಮಾಡಿದ್ದು ಮುಟ್ಟುವ ಕೆಲಸ.

ಮಡಿಯಲ್ಲಿ ಅಡಿಗೆ ಮಾಡುವವನು ಬೆಳಗಿನ ಜಾವ ಸ್ನಾನ ಮಾಡಿ ಒಣಗಿದ ಮಡಿ ಪಂಚೆ ಉಟ್ಟು ಒಳಗೆ ಬರಬೇಕು. ಸ್ನಾನವಾಗದ ಇನ್ನೊಬ್ಬನು ತಾಗಿದರೆ ಮಡಿ ಹೋಯಿತು, ಮತ್ತೆ ಮೀಯಬೇಕು. ಮಂಜಯ್ಯ ಎಲ್ಲರಿಗಿಂತ ಮೊದಲು ಎದ್ದು ಮಿಂದು ಒಲೆ ಹಚ್ಚುವವನು. ವೆಂಕಟೇಶ ತಡವಾಗಿ ಏಳುವವನು. ಎದ್ದು, ರಸ್ತೆಗೆ ಹೋಗಿ ಬೀಡಿ ಸೇದಿ ಬಂದು, ಹಿತ್ತಲ ಬಾಗಿಲಲ್ಲಿ ನೀರಿಗೆ ಬಂದ ಮಂಜಯ್ಯನ ಬೆನ್ನಿಗೆ ಒಂದು ಬೆರಳು ತಾಗಿಸುತ್ತಿದ್ದ.

“ಅಯ್ಯೋ, ತಾಗ್ತಲ್ಲ ಮಂಜಣ್ಣ! ಕಣ್ಣೇ ಕಾಣ್ಲಿಲ್ಲ ನೋಡಿ.”

ಹುಡುಗರು ನಗುವುದಕ್ಕೆ ಕಾದು ಕೂತಿರುತ್ತಿದ್ದರು. ಮಂಜಯ್ಯ ತಿರುಗಿ ಬಚ್ಚಲಿಗೆ ಹೋಗುತ್ತಿದ್ದ. ಅಲ್ಲಿ ಹಂಡೆಯಲ್ಲಿ ಉಳಿದ ಬಿಸಿನೀರನ್ನು ವೆಂಕಟೇಶ ಅವನಿಗಿಂತ ಮುಂಚೆ ನುಗ್ಗಿ ಸುರಿದುಕೊಂಡುಬಿಡುತ್ತಿದ್ದ. ಮಂಜಯ್ಯನಿಗೆ ಉಳಿಯುತ್ತಿದ್ದುದು ತೊಟ್ಟಿಯ ನೀರು. ನಮ್ಮ ಕಡೆಯ ಮಾಗಿಯ ನೀರು ಹೇಗಿರುತ್ತದೆಂದು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಹಲ್ಲಿನ ಬೇರಿಗೆ ತಾಗುತ್ತದೆ. ಅವನು ಮಿಂದು ನಡುಗುತ್ತಾ ಬರುತ್ತಿದ್ದ. ವೆಂಕಟೇಶನಿಗೆ ಅವತ್ತು ಖುಷಿ ಹೆಚ್ಚಿದ್ದರೆ ಇನ್ನೂ ಮೀಯದ ಹುಡುಗನೊಬ್ಬನನ್ನು ಛೂ ಬಿಟ್ಟು ಮತ್ತೊಮ್ಮೆ ಮುಟ್ಟಿಸುತ್ತಿದ್ದ. ಮತ್ತೊಮ್ಮೆ ಸ್ನಾನ.

ಹೊಳ್ಳರಿಗೆ ಇದೆಲ್ಲ ಕಾಣುತ್ತಿತ್ತು. “ಹೋಗು ಕಂಬ, ಪುಣ್ಯ ಬರ್ತದೆ” ಎಂದು ಅವರೂ ಹೊಟ್ಟೆ ಕುಣಿಸಿ ನಗುತ್ತಿದ್ದರು.

ನಾನು ತಡೆಯಲಾರದೆ ಒಂದು ದಿನ ವೆಂಕಟೇಶನನ್ನು ಹಿಡಿದು ಕೇಳಿದೆ. “ಎಂತಕ್ಕೆ ಮಾರಾಯ ಆ ಮನುಷ್ಯನ ಜೀವ ತಿಂತೀಯ?”

“ನಾನೆಂತ ಹೊಡೆದ್ನಾ ಸುಬ್ಬಣ್ಣ? ಬೈದ್ನಾ? ಒಂದು ಬೆರಳು ತಾಗ್ತು. ಅಷ್ಟು ಮಡಿ ಇದ್ದವ ಮೀಯ್ಲಿ. ಬೇಡ ಅಂದ್ರೆ ಬಿಡ್ಲಿ.”

ನೋಡಿ ಅವನ ಬುದ್ಧಿ. ಹೊಡೆದಿದ್ದರೆ ನಾಲ್ಕು ಜನ ಬಿಡಿಸುತ್ತಿದ್ದರು. ಬೆರಳಿಗೆ ಯಾರು ಏನು ಹೇಳುವುದು? ಮಂಜಯ್ಯನ ಶ್ರದ್ಧೆಯನ್ನೇ ಹಗ್ಗ ಮಾಡಿ ಅವನನ್ನು ಕಟ್ಟಿದ್ದ. ನಾನು ಮಂಜಯ್ಯನಿಗೂ ಹೇಳಿದೆ, “ಮೀಯ್ಬೇಡ ಮಾರಾಯ, ಯಾರು ನೋಡ್ತಾರೆ?” ಎಂದು.

“ನಂಗೆ ಗೊತ್ತಿರ್ತದಲ್ಲ, ಸುಬ್ಬಣ್ಣ” ಎಂದ.

ಅವನು ಹೊಂದಿಕೊಳ್ಳಲು ಮಾಡದ ಪ್ರಯತ್ನವಿಲ್ಲ. ವೆಂಕಟೇಶನಿಗೆ ಎಲೆಅಡಿಕೆಯ ಕವಳ ಕಟ್ಟಿ ಕೊಟ್ಟ. ಅವನ ಪಾಲಿನ ತೆಂಗಿನಕಾಯಿ ತಾನೇ ತುರಿದ. ಅವನ ಹಾಡು ಚೆನ್ನಾಗಿದೆ ಎಂದು ಎಲ್ಲರ ಮುಂದೆ ಹೊಗಳಿದ, ಹೊಗಳಿದ್ದಕ್ಕೂ ನಕ್ಕರು. ಕೊನೆಗೆ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಮೈಯನ್ನು ಕಿರಿದು ಮಾಡಿಕೊಂಡು ನಡೆಯಲು ಶುರು ಮಾಡಿದ, ಯಾರಿಗೂ ತಾಗಬಾರದೆಂದು. ಕಳಸದ ಪೇಟೆಯಲ್ಲಿ ಸಾಮಾನು ತರಲು ಹೋದಾಗಲೂ ಹಾಗೇ ನಡೆಯುತ್ತಿದ್ದ. ಎತ್ತರದ ಮನುಷ್ಯ ಹಾಗೆ ಮುದುಡಿಕೊಂಡು ಹೋಗುವುದನ್ನು ನೋಡಿದರೆ ನನಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಎರಡು ಚಳಿಗಾಲ ಕಳೆಯುವುದರಲ್ಲಿ ಅವನ ಎದೆಯಲ್ಲಿ ಕೆಮ್ಮು ಮನೆ ಮಾಡಿತು. ಸಾವಿತ್ರಮ್ಮ ಒಂದು ದಿನ ಅಂಗಡಿಗೆ ಬಂದು ನಿಂತಳು. “ನೀವಾದ್ರೂ ಹೊಳ್ಳರ ಹತ್ರ ಒಂದು ಮಾತು ಹೇಳಿ ಸುಬ್ಬಣ್ಣ. ರಾತ್ರಿ ಇಡೀ ಕೆಮ್ತಾರೆ. ಕೇಳಿದ್ರೆ, ಉಪ್ಪು ಕೈಗೆ ಬಂದ್ಮೇಲೆ ಎಲ್ಲ ಸರಿ ಹೋಗ್ತದೆ ಅಂತಾರೆ. ಅಲ್ಲೀ ತನಕ ದೇಹ ಇರ್ಬೇಕಲ್ಲ?” ನಾನು ಹೇಳಿದೆ. ಹೊಳ್ಳರು ಕೇಳಿಸಿಕೊಂಡರು. ಕೇಳಿಸಿಕೊಂಡು ಮಾಡಿದ್ದೇನು? ಕೆಮ್ಮುವವನು ಅಡಿಗೆಯ ಮೇಲೆ ಬಗ್ಗಬಾರದು ಎಂದು ಮಂಜಯ್ಯನನ್ನು ಉಪ್ಪಿನಿಂದ ಬಿಡಿಸಿ ಸೌದೆಗೆ ಹಾಕಿದರು. ಮರಿಗೆ ವೆಂಕಟೇಶನ ಕೈಗೆ ಹೋಯಿತು.

“ಕೆಮ್ಮು ಹೋದ್ಮೇಲೆ ವಾಪಸ್ ಕೊಡ್ತಾರಂತೆ” ಎಂದ ಮಂಜಯ್ಯ ನನಗೆ. ನನ್ನ ಬಾಯಿಂದ ಒಂದು ಕೆಟ್ಟ ಮಾತು ಬಂತು, ಇಲ್ಲಿ ಬರೆಯುವುದಿಲ್ಲ.

ಗೋಣಿಬೀಡಿನ ಹತ್ತಿರದ ಒಂದು ತೋಟದ ಮನೆಯ ಉಪನಯನ ಬಂದದ್ದು ಆ ಮಾಘದಲ್ಲೇ. ಮನೆಯ ಹಿರಿಯರು ಶಂಕರಮ್ಮನವರು, ಮೊಮ್ಮಗನ ಮುಂಜಿ. ಕಾಫಿ ಒಣಗಿಸುವ ಕಣವನ್ನು ಗುಡಿಸಿ ಅದರ ಮೇಲೇ ಚಪ್ಪರ ಹಾಕಿದ್ದರು. ಒಣಗದೆ ಉಳಿದ ಹಣ್ಣನ್ನು ಒಂದು ಮೂಲೆಯಲ್ಲಿ ರಾಶಿ ಹಾಕಿ ಟಾರ್ಪಾಲು ಮುಚ್ಚಿದ್ದರಿಂದ ಇಡೀ ಚಪ್ಪರಕ್ಕೆ ಹುಳಿ ಹುಳಿ ವಾಸನೆ. ಶಂಕರಮ್ಮನವರು ಮಡಿಯ ವಿಷಯದಲ್ಲಿ ಬಹಳ ಗಟ್ಟಿ. ಅಡಿಗೆಮನೆಗೆ ಯಾರು ಹೋಗಬೇಕು, ಯಾರು ಹೋಗಬಾರದು ಎಂದು ನೋಡಲು ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ತಾವೇ ಕೂತಿದ್ದರು. ನಾನು ನನ್ನ ಮಣೆಯ ಮೇಲೆ ಆಚೆ ಪಕ್ಕ.

ಅವತ್ತು ಬೆಳಿಗ್ಗೆಯೂ ಬೆರಳು ತಾಗಿತ್ತು. ಮಂಜಯ್ಯನಿಗೆ ಹಿಂದಿನ ದಿನದಿಂದಲೇ ಜ್ವರ. ಕಣ್ಣು ಕೆಂಪಗಿತ್ತು. ಮೊದಲ ಬಾರಿಗೆ ಅವನು ಬಚ್ಚಲಿಗೆ ಹೋಗಲಿಲ್ಲ. “ಇವತ್ತು ಆಗುವುದಿಲ್ಲ, ನಾನು ಒಳಗೆ ಬರುವುದಿಲ್ಲ, ಹೊರಗಿಂದಲೇ ಸೌದೆ ನೂಕ್ತೇನೆ” ಎಂದು ಹೊಳ್ಳರಿಗೆ ಹೇಳಿ, ಅಡಿಗೆಮನೆಯ ಹಿಂಬಾಗಿಲ ಹೊರಗೆ ಕೂತ. ಅಲ್ಲಿಂದ ಒಲೆಗಳ ಬಾಯಿಗೆ ಉದ್ದದ ಸೌದೆ ನೂಕಬಹುದಿತ್ತು. ಅವನು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಡಿ ಇಲ್ಲದವನು ಹೊರಗಿದ್ದ, ಅಷ್ಟೆ.

ಹುಳಿ ಕುದಿ ಬಂತು. ನನ್ನ ಅತಿ ದೊಡ್ಡ ಕೊಪ್ಪರಿಗೆ ಅದು. ಹೊಳ್ಳರು ಬಂದು ಕೈ ಚಾಚಿದರು, ವೆಂಕಟೇಶ ಮರಿಗೆ ಹಿಡಿದ, ಮುಷ್ಟಿ ಮುಷ್ಟಿ ಉಪ್ಪು ಬಿತ್ತು. ಹೊಳ್ಳರು ಹೋಳಿಗೆಯ ಕಡೆ ಹೋದರು, ಯಾರನ್ನೋ ಬೈದರು, ತಿರುಗಿ ಬಂದರು. ಹುಳಿಯ ಮುಂದೆ ನಿಂತು ಮತ್ತೆ ಕೈ ಚಾಚಿದರು.

ವೆಂಕಟೇಶ ಏನೂ ಹೇಳಲಿಲ್ಲ. ಅವನಿಗೆ ಗೊತ್ತಿತ್ತು. ಮರಿಗೆ ಹಿಡಿದವನಿಗೆ ಗೊತ್ತಿಲ್ಲದೆ ಇರುವುದಿಲ್ಲ. ಅವನ ತುಟಿಯ ಮೂಲೆಯಲ್ಲಿ ಒಂದು ಸಣ್ಣ ನಗು ಇತ್ತು. ಮುದುಕನ ಕೈ ಇವತ್ತು ಎಲ್ಲರೆದುರು ಕೆಡಲಿ, ನಾಳೆಯಿಂದ ಉಪ್ಪು ನನ್ನದು ಎನ್ನುವ ನಗು. ಮರಿಗೆಯನ್ನು ಇನ್ನೂ ಸ್ವಲ್ಪ ಮುಂದಕ್ಕೆ ನೀಡಿದ. ಮತ್ತೆ ಮುಷ್ಟಿ ಮುಷ್ಟಿ ಉಪ್ಪು ಬಿತ್ತು.

ಹಿಂಬಾಗಿಲಲ್ಲಿ ಮಂಜಯ್ಯ ಎದ್ದು ನಿಂತದ್ದು ನನಗೆ ಕಂಡಿತು. “ಹೊಳ್ಳರೇ” ಎಂದ. ಕೆಮ್ಮಿನಲ್ಲಿ ಸ್ವರ ಹೊರಡಲಿಲ್ಲ. “ಹೊಳ್ಳರೇ, ಎರಡ್ನೇ ಸಲ...” ಹೊಳ್ಳರು ತಿರುಗಲಿಲ್ಲ, ಇನ್ನೊಂದು ಮುಷ್ಟಿಗೆ ಕೈ ಮರಿಗೆಯಲ್ಲಿತ್ತು. ಆಗ ಆ ಮನುಷ್ಯ ಹೊಸ್ತಿಲು ದಾಟಿ ಒಳಗೆ ನುಗ್ಗಿದ. ಪಕ್ಕದ ಒಲೆಯ ಮೇಲೆ ಅನ್ನಕ್ಕೆ ಇಟ್ಟಿದ್ದ ಬಿಸಿನೀರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಹುಳಿಗೆ ಸುರಿದ. ಸೌಟು ಹಾಕಿ ತಿರುವಿದ. ವರ್ಷಗಟ್ಟಲೆ ಮೈ ಮುದುಡಿಕೊಂಡು ನಡೆದವನು ಅವತ್ತು ಒಂದು ಗಳಿಗೆ ಅದನ್ನು ಮರೆತುಬಿಟ್ಟ.

“ಮಡಿ ಇಲ್ದೆ ಮುಟ್ಟಿದ!” ಎಂದು ವೆಂಕಟೇಶ ಕೂಗಿದ. “ಅಮ್ಮಾ, ಮಡಿ ಇಲ್ದೆ ಕೊಪ್ಪರಿಗೆ ಮುಟ್ಟಿದ!”

ಶಂಕರಮ್ಮನವರು ಕುರ್ಚಿಯಿಂದ ಎದ್ದು ಬಾಗಿಲಿಗೆ ಬಂದರು. ಅವರು ಕೆಟ್ಟವರಲ್ಲ. ದನಿ ಏರಿಸಲೂ ಇಲ್ಲ.

“ಮಂಜಯ್ಯ, ನೀನು ಮಡಿಯಲ್ಲಿದ್ದೀಯಾ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ವೆಂಕಟೇಶನ ಮಾತಿಗೆ ಇವನ ಮಾತು, ಅಷ್ಟೆ; ಹುಳಿ ಉಳಿಯಬೇಕಾದ ಹೊಳ್ಳರು ಬಾಯಿ ಬಿಡುತ್ತಿರಲಿಲ್ಲ. ನಾನು ಮನಸ್ಸಿನಲ್ಲೇ ‘ಹೌದು ಅನ್ನು, ಹೌದು ಅನ್ನು’ ಎಂದು ಬಡಿದುಕೊಳ್ಳುತ್ತಿದ್ದೆ.

“ಇಲ್ಲ ಅಮ್ಮ. ಬೆಳಿಗ್ಗೆ ವೆಂಕಟೇಶ ತಾಗಿದ್ದ, ಮಿಂದಿಲ್ಲ. ಆದ್ರೆ ಹುಳಿಗೆ ಉಪ್ಪು ಎರಡು ಸಲ ಬಿತ್ತು ಅಮ್ಮ. ಅದಕ್ಕೇ...”

ಅವನು ಹೇಳಿದ್ದು ಎರಡು ಸತ್ಯ. ಶಂಕರಮ್ಮನವರಿಗೆ ಬೇಕಾದದ್ದು ಮೊದಲನೆಯದು. ಎರಡನೆಯದು ಹೌದೋ ಅಲ್ಲವೋ ನೋಡಬೇಕಾದರೆ ಯಾರಾದರೂ ರುಚಿ ನೋಡಬೇಕು. ನೈವೇದ್ಯಕ್ಕೆ ಮೊದಲು ರುಚಿ ನೋಡುವುದು ಎಂದರೆ ಆ ಮನೆಯಲ್ಲಿ ಬಾಯಲ್ಲೂ ತರಬಾರದ ಮಾತು. ಅವರು ಹೊಳ್ಳರ ಮುಖ ನೋಡಿದರು. “ಹೌದಾ ಹೊಳ್ಳರೇ? ಎರಡು ಸಲ ಬಿತ್ತಾ?”

ಹೊಳ್ಳರು ಕೈಯಲ್ಲಿದ್ದ ಉಪ್ಪನ್ನು ಮರಿಗೆಗೆ ಉದುರಿಸಿದರು. “ಇದು ನಿಮ್ಮ ಮಾವನವರ ಕಾಲದಿಂದ ಈ ಮನೆಗೆ ಉಪ್ಪು ಹಾಕಿದ ಕೈ, ಅಮ್ಮ. ಇವನಿಗೆ ಜ್ವರ. ಜ್ವರದಲ್ಲಿ ಎಂತೆಂತದೋ ಕಾಣ್ತದೆ.”

ಹುಳಿಯನ್ನು ಚೆಲ್ಲಿದರು. ನಾಲ್ಕು ಜನ ಕೊಪ್ಪರಿಗೆಗೆ ಬಿದಿರು ಕೋಲು ತೂರಿಸಿ ಹೊತ್ತು, ಕಾಫಿ ಸಿಪ್ಪೆ ಹಾಕುವ ಗುಂಡಿಗೆ ಸುರಿದು ಬಂದರು. ಮೊದಲ ಪಂಕ್ತಿಗೆ ಹುಳಿ ಇಲ್ಲದ ಊಟ. ಬಂದವರೆಲ್ಲ ಪಿಸುಗುಟ್ಟಿ ಕೇಳಿದರು, ಪಿಸುಗುಟ್ಟಿ ತಿಳಿದುಕೊಂಡರು. ವೆಂಕಟೇಶ ಬಡಿಸುತ್ತಾ ಹೋದಲ್ಲೆಲ್ಲ ಕಥೆ ಹೇಳಿದ, ಹೇಳುತ್ತಾ ಹೋದಂತೆ ಕಥೆಯಲ್ಲಿ ಮಂಜಯ್ಯ ಕುಡಿದೂ ಇದ್ದ. ಜೀವನದಲ್ಲಿ ಹನಿ ಮುಟ್ಟದವನು.

ಮಂಜಯ್ಯನನ್ನು ಊಟಕ್ಕೂ ಕೂರಿಸಲಿಲ್ಲ. ಹೊಳ್ಳರು ಅವನ ಪಂಚೆಯ ಗಂಟನ್ನು ಎತ್ತಿ ಅಂಗಳಕ್ಕೆ ಎಸೆದರು. “ಇನ್ನು ನನ್ನ ಒಲೆ ಹತ್ರ ಬರ್ಬೇಡ” ಎಂದರು. ಅವನು ಅದನ್ನು ಎತ್ತಿಕೊಂಡು, ಧೂಳು ಕೊಡವಿ, ಹೊಳ್ಳರ ಕಡೆಗೆ ತಿರುಗಿ ಕೈ ಮುಗಿದ. ನನಗೆ ಅದನ್ನು ಈಗ ನೆನೆದರೂ ರಕ್ತ ಕುದಿಯುತ್ತದೆ. ಬೈಯಬಾರದಿತ್ತೇ? ಒಂದು ಸಲ, ಒಂದೇ ಒಂದು ಸಲ ಆ ಮುದುಕನ ಮುಖದ ಮೇಲೆ ಉಗಿಯಬಾರದಿತ್ತೇ? ಕೈ ಮುಗಿದು, ಕೆಮ್ಮುತ್ತಾ, ಗೋಣಿಬೀಡಿನ ಬಸ್ಸಿಗೆ ನಡೆದುಹೋದ.

ಕೊಪ್ಪರಿಗೆ ನನ್ನದು, ಅದರ ತಳದಲ್ಲಿ ಅಂಟಿದ್ದೂ ನನ್ನದೇ. ನನಗೆ ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ. ತೊಳೆಯಲು ಇಟ್ಟಿದ್ದ ಕಡೆ ಹೋಗಿ ಒಂದು ಬೆರಳು ಹಾಕಿ ನೆಕ್ಕಿದೆ. ಸಮುದ್ರದ ನೀರು. ಅಷ್ಟು ಬಿಸಿನೀರು ಸುರಿದ ಮೇಲೂ ನಾಲಿಗೆ ಸುರುಟಿಹೋಯಿತು. ನೇರ ಹೊಳ್ಳರ ಹತ್ತಿರ ಹೋದೆ. ಅವರು ಊಟ ಮುಗಿಸಿ ಚಪ್ಪರದ ಹಿಂದೆ ಒಬ್ಬರೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ಹೊಳ್ಳರೇ, ನೆಕ್ಕಿ ನೋಡಿದೆ. ಬಾಯಿಗಿಡ್ಲಿಕ್ಕಾಗೋದಿಲ್ಲ. ಅವನು ಹೇಳಿದ್ದು ನಿಜ.”

“ಗೊತ್ತು” ಎಂದರು.

ನಾನು ಅವರ ಎದುರು ಕುಕ್ಕರಿಸಿದೆ.

“ಎರಡ್ನೇದು ಹಾಕುವಾಗ್ಲೇ ಗೊತ್ತಾಯ್ತು. ಕೈಗೆ ಗೊತ್ತಾಗ್ತದೆ. ಆದ್ರೆ ಹುಡುಗರೆದ್ರು ಹಾಕಿದ ಕೈ ತೆಗೀಲಿಕ್ಕಾಗ್ತದಾ? ಮೊದ್ಲೆಲ್ಲ ಈ ಕಂಬ ಮರಿಗೆ ತಗೊಂಡು ಓಡಿ ಹೋಗ್ತಿದ್ದ. ಒಳ್ಳೇ ಉಪಾಯ ಅದು.” ಎಲೆಯನ್ನು ಮಡಿಸಿ ಬಾಯಿಗಿಟ್ಟುಕೊಂಡರು.

“ಅದೂ ಗೊತ್ತಿತ್ತಾ ನಿಮ್ಗೆ? ಗೊತ್ತಿದ್ದೂ ಅವನನ್ನ ಓಡಿಸಿದ್ರಾ?”

“ಮತ್ತೆಂತ ಮಾಡ್ಲಿ ಸುಬ್ಬಣ್ಣ? ನನ್ನ ಕೈ ತಪ್ಪಿತು ಅಂದ್ರೆ ನಾಳೆ ನನ್ನನ್ನ ಯಾರು ಕರೀತಾರೆ? ಅವ್ನಿಗೆ ಎಂತ, ಎಲ್ಲಾದ್ರೂ ಬದುಕ್ತಾನೆ. ಹೊಂದ್ಕೊಂಡು ಹೋಗುವ ಜನ.”

ನಾನು ಸುಮ್ಮನಿರಲಿಲ್ಲ. ಕಳಸದಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ. ಶಂಕರಮ್ಮನವರ ಮನೆಗೆ ಹೋಗಿ ಅವರಿಗೂ ಹೇಳಿದೆ. ಅವರು ಸಮಾಧಾನದಿಂದ ಕೇಳಿ, “ಇರಬಹುದು ಸುಬ್ಬಣ್ಣ. ಆದರೂ ಮಡಿ ಇಲ್ಲದೆ ಮುಟ್ಟಿದ್ದು ನಿಜವಲ್ಲ?” ಎಂದರು. ಪೇಟೆಯವರು ‘ಸುಬ್ಬಣ್ಣನ ಬಾಯಿ’ ಎಂದು ನಕ್ಕು ಮುಂದೆ ಹೋದರು. ಹೊಳ್ಳರು ಮುಂದಿನ ಮಳೆಗಾಲದಲ್ಲಿ ಹಾಸಿಗೆ ಹಿಡಿದರು, ಉಪ್ಪು ವೆಂಕಟೇಶನ ಪಾಲಾಯಿತು. ಈಗ ಅವನದ್ದು ದೊಡ್ಡ ಕೇಟರಿಂಗ್, ಎರಡು ವ್ಯಾನು ಇದೆ, ಪಾತ್ರೆಯೂ ಅವನದ್ದೇ. ಮಡಿಯನ್ನು ಕೇಳುವ ಮನೆಗಳೂ ಕಡಿಮೆಯಾದವು. ಅವನು ಎಲ್ಲರೆದುರೇ ಚಮಚದಲ್ಲಿ ರುಚಿ ನೋಡಿ ಉಪ್ಪು ಹಾಕುತ್ತಾನೆ. ಮುಟ್ಟಿದರೆ ಮೀಯಬೇಕು ಎಂದು ಇವತ್ತು ಅವನ ಹುಡುಗರಿಗೆ ಹೇಳಿದರೆ ಹುಚ್ಚ ಅಂದುಕೊಂಡಾರು.

ಮಂಜಯ್ಯನನ್ನು ಆಮೇಲೆ ಯಾವ ಅಡಿಗೆಯವರೂ ಸೇರಿಸಲಿಲ್ಲ. ಮಡಿ ಕೆಡಿಸಿದವನು ಎನ್ನುವ ಹೆಸರು ಅವನಿಗಿಂತ ಮೊದಲೇ ಎಲ್ಲ ಒಲೆಗಳನ್ನೂ ಮುಟ್ಟಿತ್ತು. ಜ್ವರ ಇಳಿದರೂ ಅವನು ಹಾಸಿಗೆ ಬಿಟ್ಟು ಏಳುತ್ತಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾನೆ ಎಂದು ಸಾವಿತ್ರಮ್ಮ ಹೇಳಿದಳು. ಕೊಟ್ಟಿಗೆಹಾರದಲ್ಲಿ ನನ್ನ ಪರಿಚಯದ ವಿಮಲಮ್ಮ ಎಂಬ ವಿಧವೆ ಹೋಟೆಲ್ ಇಟ್ಟಿದ್ದಳು. ಘಟ್ಟ ಇಳಿಯುವ ಬಸ್ಸುಗಳು ಅಲ್ಲಿ ನಿಲ್ಲುತ್ತವೆ. ಅವಳ ಅಡಿಗೆಯವನು ಬಿಟ್ಟು ಹೋಗಿದ್ದ. ನಾನು ಮಂಜಯ್ಯನ ವಿಷಯ ಎಲ್ಲ ಹೇಳಿದೆ. “ಮಡಿಗಿಡಿ ನನ್ನ ಹತ್ರ ಇಲ್ಲ, ಅಡಿಗೆ ಬಂದ್ರೆ ಸಾಕು” ಎಂದಳು. ಒಳ್ಳೆಯ ಹೆಂಗಸು.

ನಾನೇ ಅವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. “ನೋಡು ಮಾರಾಯ” ಎಂದೆ ದಾರಿಯಲ್ಲಿ, “ಅಲ್ಲಿ ನಿನ್ನ ಮೇಲೆ ಯಾರೂ ಇಲ್ಲ. ಒಲೆ ನಿಂದು, ಸೌಟು ನಿಂದು, ಉಪ್ಪೂ ನಿಂದೇ.” ಅವನು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದ. ಉಪ್ಪು ಎಂದಾಗ ನನ್ನ ಕಡೆ ತಿರುಗಿದ. ಬಹಳ ದಿನಗಳ ಮೇಲೆ ಆ ಮುಖದಲ್ಲಿ ಒಂದು ನಗು ಬಂತು.

ಅಲ್ಲಿ ತಲುಪಿದಾಗ ಬೆಳಗಿನ ಇಬ್ಬನಿ ಇನ್ನೂ ಆರಿರಲಿಲ್ಲ. ಮಂಜಯ್ಯ ತಕ್ಷಣ ಕೆಲಸಕ್ಕೆ ನಿಂತ. ತರಕಾರಿ ಹೆಚ್ಚಿದ, ಬೇಳೆ ಬೇಯಿಸಿದ, ಮಸಾಲೆ ರುಬ್ಬಿದ. ಪಾತ್ರೆಯಲ್ಲಿ ಸಾಂಬಾರು ಕುದಿಯತೊಡಗಿದಾಗ ಬಂದ ಪರಿಮಳಕ್ಕೆ ಹೊರಗೆ ಟೀ ಕುಡಿಯುತ್ತಿದ್ದ ಡ್ರೈವರುಗಳು ಒಳಗೆ ಇಣುಕಿದರು. ನನಗೆ ನನ್ನ ಮಗನೇ ಗೆದ್ದ ಹಾಗೆ ಹೆಮ್ಮೆ.

“ಉಪ್ಪು ಹಾಕಿ ಭಟ್ರೇ, ಬಸ್ ಬಂತು” ಎಂದಳು ವಿಮಲಮ್ಮ ಗಲ್ಲಾದಿಂದ.

ಮಂಜಯ್ಯ ಉಪ್ಪಿನ ಡಬ್ಬದೊಳಗೆ ಕೈ ಹಾಕಿದ. ಮುಷ್ಟಿ ಕಟ್ಟಿ ಎತ್ತಿದ. ಪಾತ್ರೆಯ ಮೇಲೆ ಹಿಡಿದ. ಕೈ ಅಲ್ಲೇ ನಿಂತಿತು. ಬೆರಳು ಸಡಿಲಿಸಿದ, ಮತ್ತೆ ಬಿಗಿ ಮಾಡಿದ. ಸ್ವಲ್ಪ ಡಬ್ಬಕ್ಕೆ ಉದುರಿಸಿದ, ಮತ್ತೆ ತೆಗೆದುಕೊಂಡ. ಬಸ್ಸಿನವರು ಬಂದು ಬೆಂಚುಗಳಲ್ಲಿ ಕೂತು ಇಡ್ಲಿ, ಸಾಂಬಾರು ಎಂದು ಕೂಗುತ್ತಿದ್ದರು.

“ರುಚಿ ನೋಡಿ ಹಾಕಿ ಭಟ್ರೇ, ಎಂತ ಯೋಚ್ನೆ?”

ಅವನು ಸೌಟು ಎತ್ತಿದ, ತುಟಿಯ ಹತ್ತಿರ ತಂದ, ತಂದದ್ದನ್ನು ಕೆಳಗಿಟ್ಟ. ನಾಲಿಗೆ ಒಪ್ಪಲಿಲ್ಲ, ಕೈಗೆ ಗೊತ್ತಿರಲಿಲ್ಲ. ಮುಷ್ಟಿಯಲ್ಲಿದ್ದ ಉಪ್ಪನ್ನು ಪೂರ್ತಿ ಡಬ್ಬಕ್ಕೆ ಹಾಕಿ, ಅಂಗೈಯನ್ನು ಪಂಚೆಗೆ ಒರೆಸಿಕೊಂಡ.

“ನನ್ನಿಂದ ಆಗೋದಿಲ್ಲ ಅಮ್ಮ. ಎಷ್ಟು ಅಂತ ಗೊತ್ತಿಲ್ಲ.”

ವಿಮಲಮ್ಮ ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು. ಅವಳಿಗೆ ಚುಚ್ಚಬೇಕೆಂಬ ಮನಸ್ಸು ಎಳ್ಳಷ್ಟೂ ಇರಲಿಲ್ಲ, ನಿಜವಾಗಿ ಅರ್ಥವಾಗದೆ ಕೇಳಿದಳು. “ಮತ್ತೆ ಇಷ್ಟು ವರ್ಷ ಅಡಿಗೆಮನೇಲಿ ಎಂತ ಮಾಡ್ತಿದ್ರಿ ನೀವು?”

ಹಿಂದಿನ ಜಗಲಿಯಲ್ಲಿ ಟೀ ಲೋಟಗಳು ರಾಶಿ ಬಿದ್ದಿದ್ದವು. ಮಂಜಯ್ಯ ಹೋಗಿ ಅವನ್ನು ತೊಳೆಯಲು ಕೂತ. ವಿಮಲಮ್ಮ ಒಳಗೆ ಬಂದು ಡಬ್ಬದಿಂದ ಒಂದು ಹಿಡಿ ಉಪ್ಪು ಹಾಕಿ ತಿರುವಿದಳು. ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, “ಸರಿ ಉಂಟು” ಎಂದು ಬಡಿಸಲು ಹೋದಳು.